ನಾಲ್ಕನೆಯ ಜ್ವರ

ಹಿಂದೂಪುರಕ್ಕೆ ಗೂಡು ಹಾಕಲು ಹೋದವನು
ರೊಳ್ಳದ ಕೊನೇ ಬಸ್ಸಿಗೆ ಇಳಿದು
ಮೈದುನ ಕದಿರಪ್ಪ ಜೇಬಿನಿಂದ ತೆಗೆದ:
ಬೆಂಕಿಪೊಟ್ಟಣಕ್ಕಿಂತ ಎರಡು ಬೆರಳು ದೊಡ್ಡದು,
ಹಸಿರು ಹಲಗೆಯ ಕಂಪ್ಯೂಟರು.
"ಅತ್ತಿಗೆ, ಇನ್ಮೇಲೆ ಹುಳುಮನೆ
ತನ್ನನ್ನ ತಾನೇ ನೋಡಿಕೊಳ್ತದೆ."

ನೋಡಿಕೊಂಡಿತು, ಸುಳ್ಳೇಕೆ ಹೇಳಲಿ.
ಇಪ್ಪತ್ತೆಂಟು ದಾಟಿದರೆ ಗೋಡೆಯ ದೊಡ್ಡ ಫ್ಯಾನು ಏಳುತ್ತದೆ,
ಗಾಳಿ ಒಣಗಿದರೆ ಗೋಣಿತಾಟಿಗೆ ನೀರು ಹನಿಯುತ್ತದೆ.
ಆದರೆ ಏಪ್ರಿಲ್ಲಿನಲ್ಲಿ
ಹುಳಕ್ಕೆ ತಂಪು ಕೊಡುವ ಡಬ್ಬಿಗೇ
ಅರವತ್ತೊಂಬತ್ತು ಡಿಗ್ರಿ.
ಅದರ ನೆತ್ತಿಯ ಮೇಲೆ ಇನ್ನೊಂದು ಫ್ಯಾನು ಕೂರಿಸಿದ,
ಹಳೇ ರೂಪಾಯಿಯಷ್ಟು ಅಗಲ.
ಅದು ತಿರುಗುತ್ತಿದೆಯೋ ಇಲ್ಲವೋ ನೋಡಲು
ಫೋನಿನಲ್ಲೊಂದು ಚೌಕ.

ನಮ್ಮತ್ತೆ ಓಬಳಮ್ಮ ಎಲೆ ಅಡಿಕೆ ಉಗಿದು ಬಂದು ನಕ್ಕರು:
"ಹುಳ ಕಾಯಾಕೆ ಡಬ್ಬಿ,
ಡಬ್ಬಿ ಕಾಯಾಕೆ ರೆಕ್ಕೆ,
ರೆಕ್ಕೆ ಕಾಯಾಕೆ ನೀನು.
ನಿನ್ನ ಕಾಯೋರು ಯಾರೇ?"

ಮೊದಲ ವಾರ ಚೌಕದಲ್ಲಿ ಆರು ಸಾವಿರ.
ಇಷ್ಟು ಪುಟ್ಟ ರೆಕ್ಕೆಗೆ ಇಷ್ಟು ಆತುರವೇ?
ಹಳದಿ ತಂತಿ ಒಂದು ಸುತ್ತಿಗೆ ಎರಡು ಸಲ ಮಿಡಿಯುತ್ತದಂತೆ.
ಎರಡರಿಂದ ಭಾಗಿಸಿದ ಕದಿರಪ್ಪ.
ಹೇಳಿದ್ದರಲ್ಲಿ ಅರ್ಧ ನಂಬುವುದು
ಗೂಡಿನ ದಲ್ಲಾಳಿಗಳ ಜೊತೆ ನನಗೆ ಮೊದಲೇ ರೂಢಿ.

ಹುಳ ಮೇಯುವಾಗ ಮನೆಯೊಳಗೆ
ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಸದ್ದು.
ಅದರಡಿ ರೂಪಾಯಿಯಗಲದ ಗಾಳಿ ಯಾರಿಗೆ ಕೇಳೀತು?
ಜ್ವರಕ್ಕೆ ಕೂತಾಗ ಮಾತ್ರ
(ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು)
ಸೊಪ್ಪು ನಿಲ್ಲಿಸಿ, ಸುಣ್ಣದ ಹುಡಿ ಎರಚಿ
ಬಾಗಿಲು ಮುಂದಕ್ಕೆ ಮಾಡಿದರೆ
ತಲೆ ಎತ್ತಿ ನಿಂತ ಅಷ್ಟೂ ಹುಳ, ಒಂದೂ ಅಲ್ಲಾಡದು.
ಆಗ ಕೇಳಿಸುತ್ತದೆ ಅದು,
ನಿದ್ದೆಗಣ್ಣಿನವರ ಕಿವಿ ಬಳಿಯ ನೊಣದ ಹಾಗೆ.

ನಾಲ್ಕನೆಯ ಜ್ವರದ ರಾತ್ರಿ ಎರಡು ಗಂಟೆಗೆ
ಯಾಕೆಂದು ತಿಳಿಯದೆ ಎದ್ದೆ.
ಫೋನು ನೋಡಿದೆ: ಮೂರು ಸಾವಿರದ ನೂರ ಇಪ್ಪತ್ತು.
ಹಸಿರು ಚುಕ್ಕೆ. ಎಲ್ಲ ಸರಿ.
ಆದರೂ ಚಪ್ಪಲಿ ಹೊರಗೆ ಬಿಟ್ಟು
ಹೊಸ್ತಿಲ ಬ್ಲೀಚಿಂಗ್ ಪುಡಿ ತುಳಿದು ಒಳಗೆ ಹೋದೆ.
ಮೌನ ಇತ್ತು.
ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು.

ಸುಣ್ಣ ರೆಕ್ಕೆಯ ಕತ್ತಿಗೆ ಮೆತ್ತಿಕೊಂಡು
ಅದು ಸಂಜೆಯೇ ನಿಂತಿದೆ.
ಪಕ್ಕದ ಚೌಕದಲ್ಲಿ ಬಿಸಿ ಎಂಬತ್ತೊಂದು,
ನಾನು ನೋಡಿದ್ದು ಹಸಿರು ಚುಕ್ಕೆ ಮಾತ್ರ.
ಮಿಡಿಯದ ತಂತಿಯಿಂದ ಸೊನ್ನೆಯೂ ಬರುವುದಿಲ್ಲ;
ಏನೂ ಬರದಿದ್ದರೆ ಆ ಚೌಕ
ಕೊನೆಗೆ ಬಂದ ಅಂಕಿಯನ್ನೇ
ಎದೆಗವಚಿಕೊಂಡು ಕೂತಿರುತ್ತದೆ.

ಮಾವ ತೀರಿ ಹನ್ನೊಂದು ವರ್ಷ.
ಯಾರಾದರೂ ವಯಸ್ಸು ಕೇಳಿದರೆ
ಅತ್ತೆ ಈಗಲೂ ಐವತ್ತೆಂಟು ಅನ್ನುತ್ತಾರೆ,
ತೆಲುಗಿನವರು ಕೇಳಿದರೆ ಯಾಭೈ ಎನಿಮಿದಿ.
ಮನೆಯಲ್ಲಿ ಯಾರೂ ತಿದ್ದುವುದಿಲ್ಲ.

ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಕೆರೆದೆ,
ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ.
ರೆಕ್ಕೆ ಒಮ್ಮೆ ಅನುಮಾನಿಸಿ
ಆಮೇಲೆ ಓಡಿತು.

ಬೆಳಿಗ್ಗೆ ಕದಿರಪ್ಪನಿಗೆ ಹೇಳಿದೆ:
ಒಂದು ನಿಮಿಷ ಸುದ್ದಿಯೇ ಬರದಿದ್ದರೆ
ಅದು ಹಳೇ ಲೆಕ್ಕ ಒಪ್ಪಿಸುವುದು ಬೇಡ.
ಗೊತ್ತಿಲ್ಲ ಅನ್ನಲಿ. ಕೆಂಪಗೆ, ದೊಡ್ಡದಾಗಿ.
"ಅಷ್ಟೇನಾ ಅತ್ತಿಗೆ, ಎರಡು ಸಾಲು" ಅಂದ.
ಎರಡೇ ಸಾಲು.

ಹುಳ ಎದ್ದವು, ಸುಕ್ಕಿದ ತೊಗಲು ಹಿಂದೆ ಬಿಟ್ಟು.
ಅತ್ತೆ ಹಿಪ್ಪುನೇರಳೆ ಹಾಸಿದರು; ಒಳಗೆ ಮಳೆ ಶುರುವಾಯಿತು.
ಹೊರಡುವಾಗ, ನಾನು ನೋಡುತ್ತಿಲ್ಲ ಅಂದುಕೊಂಡು,
ಡಬ್ಬಿಯ ಮೇಲೆ ಕೈಯ ಹಿಂಬದಿ ಇಟ್ಟರು
ಕೂಸಿನ ಹಣೆ ಮುಟ್ಟುವ ಹಾಗೆ.
"ಎಷ್ಟಿದೆ ಅತ್ತೆ?"
"ಗೊತ್ತಿಲ್ಲ ಕಣೇ" ಅಂದರು,
ಕೈ ತೆಗೆಯಲಿಲ್ಲ.